ತಗಡಿನ ಮರೆ

ಮುನಿತಾಯಮ್ಮ ಬಗ್ಗಿ ಇಂದ್ರಮ್ಮನ ಕೆನ್ನೆಗೆ ಕೆನ್ನೆ ತಾಗಿಸುವಷ್ಟರಲ್ಲಿ ಕಲಾ ಹಿಂದಿನಿಂದ ಅವಳ ರಟ್ಟೆ ಹಿಡಿದು ಎಳೆದಳು. ಮುದುಕಿ ಆಯತಪ್ಪಿ ಗೋಡೆಗೆ ಒರಗಿದಳು.

"ಬಿಡೇ ಕೈಯ! ಏನೇ ಬಂದೈತೆ ನಿಂಗೆ? ನನ್ನ ಗೆಳತಿ ಕಣೇ ಅವ್ಳು. ನಾನು ಮುಟ್ಟಬಾರ್ದಾ?"

"ಮುಟ್ಟಬೇಡಿ ದೊಡ್ಡಮ್ಮ. ಆಮೇಲೆ ಹೇಳ್ತೀನಿ. ಈಗ ಈಚೆ ಬನ್ನಿ."

"ಆಮೇಲೆ ಅಂದ್ರೆ ಯಾವಾಗ? ಹೆಣ ಎತ್ತಿದ ಮೇಲಾ?"

ನಡುಮನೆಯಲ್ಲಿ ಕೂತಿದ್ದ ಹೆಂಗಸರು ಅಳು ನಿಲ್ಲಿಸಿ ಕಲಾಳನ್ನು ನೋಡಿದರು. ಹೆತ್ತವಳ ಹೆಣದ ಮುಂದೆ ಜಗಳ ತೆಗೆಯುವ ಮಕ್ಕಳನ್ನು ಕುರುಬರಹಳ್ಳಿಯ ಆ ಬೀದಿ ಕಾಣದ್ದೇನಲ್ಲ. ಆದರೆ ಅಂಥ ಜಗಳ ಸಾಮಾನ್ಯವಾಗಿ ಓಲೆ, ಬಳೆಯ ವಿಚಾರಕ್ಕೆ ಆಗುತ್ತಿತ್ತು. ಮುಟ್ಟುವ ವಿಚಾರಕ್ಕೆ ಜಗಳವಾಗಿದ್ದು ಇದೇ ಮೊದಲು. ಸಾಲದ್ದಕ್ಕೆ ಕಲಾ ಮೂಗು ಬಾಯಿ ಮುಚ್ಚಿ ಮಾಸ್ಕು ಬೇರೆ ಹಾಕಿಕೊಂಡಿದ್ದಳು. ಕಿಟಕಿ ಮುಚ್ಚಿದ್ದ ಆ ಸಣ್ಣ ಕೋಣೆಯಲ್ಲಿ ಊದುಬತ್ತಿಯ ಹೊಗೆ ತುಂಬಿತ್ತು. ಇಂದ್ರಮ್ಮ ಚಾಪೆಯ ಮೇಲೆ, ಗಲ್ಲಕ್ಕೆ ಬಟ್ಟೆ ಕಟ್ಟಿಸಿಕೊಂಡು, ಇದೆಲ್ಲ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಮಲಗಿದ್ದಳು. ಬದುಕಿದ್ದಾಗ ಅವಳಿಗೆ ಸಂಬಂಧಿಸದ ವಿಷಯವೇ ಆ ಬೀದಿಯಲ್ಲಿ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ತಮ್ಮ ಉದಯಕುಮಾರ್ ಕಣ್ಸನ್ನೆ ಮಾಡಿದ. ಕಲಾ ಅವನ ಹಿಂದೆ ಮುಂಭಾಗದ ಗಿರಣಿಗೆ ಹೋದಳು. ಶಟರ್ ಎಳೆದಿತ್ತು. ಯಂತ್ರದ ಮೇಲೆ, ತಕ್ಕಡಿಯ ಮೇಲೆ, ಗೋಡೆಯ ಮೇಲಿನ ದೇವರ ಫೋಟೋದ ಮೇಲೆ ತೆಳ್ಳಗೆ ಹಿಟ್ಟು ಕೂತಿತ್ತು.

"ಮಾಸ್ಕ್ ತೆಗಿ ಅಂತ ಆಂಬುಲೆನ್ಸಲ್ಲೇ ಹೇಳಿದ್ನಲ್ಲ ಅಕ್ಕ. ಜನ ನೋಡ್ತಿದ್ದಾರೆ."

"ಡಾಕ್ಟ್ರು ಹೇಳಿದ್ದು ನೀನೂ ಕೇಳಿಸ್ಕೊಂಡೆ ತಾನೆ?"

"ಮನೆಗೆ ತಗೊಂಡು ಹೋಗಿ ಅಂದ್ರು. ಮುಖ ನೋಡ್ಬೋದು ಅಂದ್ರು."

"ಅಷ್ಟೇನಾ? ಮೀಯಿಸೋರು ಮಾಸ್ಕು, ಗ್ಲೌಸು ಹಾಕ್ಕೊಳ್ಳಿ, ಮುಚ್ಚಿದ ರೂಮಲ್ಲಿ ಜನ ಸೇರಿಸ್ಬೇಡಿ, ವಯಸ್ಸಾದೋರು ದೂರ ಇರ್ಲಿ ಅಂದ್ರು. ಅಮ್ಮನ ಪಕ್ಕದಲ್ಲೇ ಇದ್ದೋರು ನಾವು. ನಮ್ಮ ಉಸಿರೇ ಯಾರಿಗೂ ತಾಗ್ಬಾರ್ದು ಅಂದ್ರು. ನೀನು ಬೆಳಿಗ್ಗೆಯಿಂದ ಎಲ್ರನ್ನೂ ತಬ್ಕೊಂಡು ಅಳ್ತಿದೀಯ."

ಉದಯ ಗೋಡೆ ನೋಡಿದ. "ಹೇಳಿದ್ರೆ ಒಬ್ರಾದ್ರೂ ಬರ್ತಾರಾ? ಅಪ್ಪಂಗೆ ಎಷ್ಟು ಜನ ಬಂದ್ರು, ನೀನೇ ಹೇಳು."

ಅಪ್ಪನಿಗೆ ಯಾರೂ ಬಂದಿರಲಿಲ್ಲ. ಬರುವುದಕ್ಕೆ ಅಲ್ಲಿ ಅಪ್ಪನೂ ಇರಲಿಲ್ಲ.

"ಮುಖ ತೆಗ್ದಿರ್ಬೇಕು, ಬೀದಿ ಹೆಂಗಸ್ರು ಬಂದು ಮೀಯಿಸ್ಬೇಕು, ಬೀದಿ ಕೊನೆ ಅರಳೀಮರದವರೆಗಾದ್ರೂ ಹೆಗಲ ಮೇಲೆ ಹೋಗ್ಬೇಕು. ಅಮ್ಮ ಕೇಳಿದ್ದು ಇದೊಂದೇ ಅಕ್ಕ. ಇನ್ನೇನೂ ಕೇಳಲಿಲ್ಲ. ಅದಕ್ಕೇ ಹಾರ್ಟ್ ಅಟ್ಯಾಕ್ ಅಂದೆ. ಇನ್ನು ಮೂರು ಗಂಟೆ ಸುಮ್ನಿರು, ಎಲ್ಲ ಮುಗಿದೋಗತ್ತೆ. ನನ್ನ ವ್ಯಾನಲ್ಲಿ ಸ್ಕೂಲ್ ಮಕ್ಕಳು ಬರ್ತಾರೆ. ಯಾರೋ ಒಬ್ರು ಪೇರೆಂಟ್ಸ್ ಗ್ರೂಪಲ್ಲಿ ಹಾಕಿದ್ರೆ ನನ್ನ ಕತೆ ಏನು?"

ಉದಯ ಕೆಟ್ಟವನಲ್ಲ. ಅಮ್ಮನಿಗೆ ಜ್ವರ ಏರಿದ ದಿನದಿಂದ ಅವಳ ಪಕ್ಕ ಬಿಟ್ಟು ಕದಲದವನು ಅವನೇ. ಕೆಂಗೇರಿ ಪಕ್ಕದ ಉಳ್ಳಾಲದ ಗಂಡನ ಮನೆಯಿಂದ ಕಲಾ ಬಂದು ಸೇರುವ ಹೊತ್ತಿಗೆ ಅವನ ಕಣ್ಣು ಗುಳಿಬಿದ್ದಿದ್ದವು. ಅದು ಗೊತ್ತಿದ್ದೂ ಕಲಾಗೆ ಸಿಟ್ಟು ಬಂತು.

"ಅಮ್ಮ ಬೋರ್ಡ್ ಮೇಲೆ ಬರೆದಿದ್ರಲ್ಲ, ಅದೆಲ್ಲಿ?"

ಕೆಮ್ಮು ಶುರುವಾದ ದಿನವೇ ಇಂದ್ರಮ್ಮ ಗಿರಣಿ ನಿಲ್ಲಿಸಿ, ಸ್ಟೂಲು ಹತ್ತಿ, ಶಟರಿನ ಮೇಲಿದ್ದ ಬೋರ್ಡಿನಲ್ಲಿ ಸೀಮೆಸುಣ್ಣದಿಂದ ಬರೆದಿದ್ದಳು: ನನಗೆ ಕೆಮ್ಮು ಜ್ವರ ಇದೆ, ಡಬ್ಬ ತರಬೇಡಿ, ಹತ್ತಿರ ಬರಬೇಡಿ. ಅದನ್ನು ಫೋನಿನಲ್ಲಿ ಮಗಳಿಗೂ ಹೇಳಿ ನಕ್ಕಿದ್ದಳು.

"ಬರೆದ ರಾತ್ರೀನೇ, ಯಾರೂ ಓದೋಕೆ ಮುಂಚೆ ಒರೆಸ್ದೆ," ಎಂದ ಉದಯ. "ಮೋಟರ್ ಸುಟ್ಟೋಗಿದೆ ಅಂತ ಹೇಳ್ದೆ."

"ಅಮ್ಮಂಗೆ ಗೊತ್ತಾ?"

"ಮಾರನೇ ದಿನದಿಂದ ಅವ್ರಿಗೆ ಎದ್ದು ಬಂದು ನೋಡೋಕೆ ಆಗ್ತಿರ್ಲಿಲ್ಲ."

*

ಗಿರಣಿಯವರ ಕೆಮ್ಮನ್ನು ಯಾರೂ ಕೆಮ್ಮೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮದುವೆಯಾದಾಗಿನಿಂದ ಹಿಟ್ಟಿನ ದೂಳು ಕುಡಿದವರು ಕೆಮ್ಮದೆ ಇನ್ನೇನು ಹಾಡುತ್ತಾರೆಯೇ? ಇಂದ್ರಮ್ಮನ ಗಂಡ ಬೈರಯ್ಯ ಬೆಳಿಗ್ಗೆ ಗಟ್ಟಿಯಾಗಿ ಕೆಮ್ಮಿದರೆ ಎದುರುಮನೆಯವರು ರಾಗಿ ಡಬ್ಬ ಎತ್ತಿಕೊಂಡು ಹೊರಡುತ್ತಿದ್ದರು. ಗಿರಣಿ ತೆರೆಯಿತು ಎಂದೇ ಅದರ ಅರ್ಥ. ಮನೆಯಲ್ಲಿ ಅದಕ್ಕೆ ಹಿಟ್ಟಿನ ಕೆಮ್ಮು ಎಂದು ಹೆಸರು. ಮಕ್ಕಳಿಗೆ ನೆಗಡಿಯಾದರೆ ಕಷಾಯ ಕಾಯಿಸುತ್ತಿದ್ದ ಇಂದ್ರಮ್ಮ, ಗಂಡನ ಕೆಮ್ಮಿಗೆ ಒಂದು ಲೋಟ ನೀರೂ ಕೊಟ್ಟವಳಲ್ಲ.

ಕೊರೊನಾ ಬಂದ ಮೊದಲ ವರ್ಷ, ಆಷಾಢದಲ್ಲಿ, ಆ ಕೆಮ್ಮು ಸ್ವಲ್ಪ ಬೇರೆಯಾಯಿತು. ಒಣಗಿತು. ಎಲ್ಲರೂ ಮನೆಯಲ್ಲೇ ಕೂತು ಮುದ್ದೆ ರೊಟ್ಟಿ ತಿನ್ನುತ್ತಿದ್ದ ಕಾಲ; ಗಿರಣಿಗೆ ಅಷ್ಟು ಜನ ಹಿಂದೆಂದೂ ಬಂದಿರಲಿಲ್ಲ. ಡಬ್ಬಗಳನ್ನು ದೂರದೂರ ಇಡಿಸಿ, ಡಬ್ಬದ ಯಜಮಾನರು ಮಾತ್ರ ಬೆಂಚಿನ ಮೇಲೆ ಒತ್ತಿಕೊಂಡು ಕೂರುತ್ತಿದ್ದರು. ಬೈರಯ್ಯನ ಮಾಸ್ಕಿನೊಳಗೆ ಹಿಟ್ಟು ತುಂಬಿ ಉಸಿರು ಕಟ್ಟುತ್ತಿತ್ತು. ಅವನು ಅದನ್ನು ಕಳಚಿ ಮೊಳೆಗೆ ನೇತುಹಾಕಿದ.

"ಮೆಂತ್ಯದ ಹಿಟ್ಟಿನ ವಾಸನೇನೂ ಗೊತ್ತಾಗ್ತಿಲ್ಲ ಕಣೇ," ಎಂದ ಒಂದು ದಿನ.

"ಮೂಗಿಗೆ ಹಿಟ್ಟು ಮೆತ್ಕೊಂಡೈತೆ. ತೊಳ್ಕೊ ಹೋಗು," ಎಂದು ಇಂದ್ರಮ್ಮ ನಕ್ಕಳು.

ಆ ನಗುವಿಗಾಗಿ ಅವಳು ಆಮೇಲೆ ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ. ಬೈರಯ್ಯ ಯಂತ್ರ ನಡೆಯುತ್ತಿದ್ದಾಗಲೇ ಮೂಟೆಯ ಮೇಲೆ ಕೂತವನು ಏಳಲಾಗದೆ ಕೂತೇ ಇದ್ದ. ಆಂಬುಲೆನ್ಸ್ ಬಂದು ಕರೆದುಕೊಂಡು ಹೋಯಿತು. ಮರುದಿನ ಫೋನಿನಲ್ಲಿ ಫಲಿತಾಂಶ ಬಂತು.

ಆ ದಿನಗಳಲ್ಲಿ ಜನ ಜ್ವರವನ್ನು ಕಳ್ಳಮಾಲಿನಂತೆ ಬಚ್ಚಿಡುತ್ತಿದ್ದರು. ಟಿವಿಯ ಸೌಂಡು ಜೋರು ಮಾಡಿಕೊಂಡು ಕೆಮ್ಮುತ್ತಿದ್ದರು. ಕಷಾಯ ಕುಡಿಯುವುದಕ್ಕೂ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇಂದ್ರಮ್ಮ ಫೋನಿಟ್ಟವಳು ಗಿರಣಿಯ ಮುಂದೆ ಸಾಲಾಗಿ ಕೂತಿದ್ದ ಡಬ್ಬಗಳನ್ನು ಒಮ್ಮೆ ನೋಡಿದಳು. ಆಮೇಲೆ ಒಂದು ಖಾಲಿ ಡಬ್ಬ, ಯಂತ್ರದ ಸ್ಪ್ಯಾನರು ಹಿಡಿದು ತಾರಸಿ ಹತ್ತಿದಳು.

ಡಣ್ ಡಣ್ ಡಣ್ ಎಂದು ಬಡಿದಳು. ಕಿಟಕಿಗಳು ತೆರೆದವು.

"ಕೇಳ್ರಪ್ಪೋ! ನಮ್ಮೆಜಮಾನ್ರಿಗೆ ಕೊರೊನಾ ಐತಂತೆ! ನಂಗೂ ಇರ್ಬೋದು! ಈ ವಾರ ಗಿರಣಿಗೆ ಬಂದೋರೆಲ್ಲ ಹೋಗಿ ಟೆಸ್ಟ್ ಮಾಡಿಸ್ಕೊಳ್ಳಿ! ಮುನಿತಾಯೀ, ನೀನು ಅವ್ರ ಪಕ್ಕದಲ್ಲೇ ಕೂತಿದ್ದೆ, ಮೊದ್ಲು ನೀನು ಹೋಗು! ಗಿರಿರಾಜಣ್ಣ, ಕಡ್ಲೆಹಿಟ್ಟಿಗೆ ನಿಮ್ಮಪ್ಪನೇ ಬಂದಿದ್ರು, ಅವ್ರನ್ನ ಕರ್ಕೊಂಡ್ ಹೋಗಿ! ಬಚ್ಚಿಟ್ಕೋಬೇಡಿ! ಇದು ಕಳ್ಳತನ ಅಲ್ಲ, ಕಾಯ್ಲೆ!"

ತೆರೆದ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಅವಳು ಗಂಟಲು ಕಟ್ಟುವವರೆಗೆ ಕೂಗಿ ಕೆಳಗಿಳಿದಳು.

*

ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಹೆಣ ಮೀಯಿಸುವ ಬಿಸಿನೀರು ಅಕ್ಕಪಕ್ಕದ ಮನೆಗಳಿಂದ ಬರಬೇಕೆಂಬುದು ಆ ಬೀದಿಯ ರೂಢಿ. ಮನೆಗೊಂದು ಬಿಂದಿಗೆ. ಅಷ್ಟು ಜನರ ಒಲೆಯ ಬಿಸಿ ಮೈಗೆ ತಾಗಿದರೇನೇ ಸತ್ತವರು ನೆಮ್ಮದಿಯಾಗಿ ಹೊರಡುತ್ತಾರೆಂದು ಹಳಬರ ನಂಬಿಕೆ. ಕಲಾ ಗಿರಣಿಯ ಪಕ್ಕದ ಬಾಗಿಲಿನಿಂದ ಹೊರಗೆ ಬಂದಾಗ ಬೀದಿಯ ಎರಡೂ ಕಡೆಯಿಂದ ಹೆಂಗಸರು ಸೆರಗು ಸಿಕ್ಕಿಸಿ, ಬಿಂದಿಗೆ ಬಕೆಟ್ಟು ಹಿಡಿದು ಬರುತ್ತಿದ್ದರು. ಹಬೆ ಏಳುತ್ತಿತ್ತು. ಅದನ್ನು ನೋಡಿ ಅವಳ ಎದೆ ತುಂಬಿ ಬಂತು. ಇದನ್ನೇ ತಾನೆ ಅಮ್ಮ ಕೇಳಿದ್ದು. ಉದಯ ಹೇಳಿದಂತೆ ಸುಮ್ಮನಿದ್ದುಬಿಡಲೇ ಎಂದು ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು.

ಪ್ರಾವಿಷನ್ ಸ್ಟೋರಿನ ಗಿರಿರಾಜ್ ಹಾರ ಹಿಡಿದು ಬಂದ. ಬೀದಿಯ ಒಳ್ಳೆಯದು ಕೆಟ್ಟದ್ದೆಲ್ಲ ತನ್ನ ತಲೆಯ ಮೇಲಿದೆ ಎಂದು ತಿಳಿದ ಮನುಷ್ಯ. ಗಣೇಶನ ಹಬ್ಬದಿಂದ ಹಿಡಿದು ಚರಂಡಿಯವರೆಗೆ ಅವನ ಮಾತೇ ನಡೆಯುತ್ತಿತ್ತು.

"ಮೊನ್ನೆವರೆಗೂ ಗಟ್ಟಿಯಾಗಿದ್ರಲ್ಲಮ್ಮ. ಮೋಟರ್ ಸುಟ್ಟೋಯ್ತು ಅಂತ ಉದಯ ಹೇಳ್ದ. ಅದೇ ಯೋಚನೆಗೆ ಹಾರ್ಟು ನಿಂತಿರ್ಬೇಕು."

ಕಲಾ ಅವನಿಂದ ದೂರ ಸರಿದು ತಲೆಯಾಡಿಸಿದಳು. ಅಷ್ಟರಲ್ಲಿ ಒಳಗಿನಿಂದ ಮುನಿತಾಯಮ್ಮನ ದನಿ ಕೇಳಿತು. ಕಲಾ ಓಡಿದಳು.

ಮುನಿತಾಯಮ್ಮ ಬಚ್ಚಲಮನೆಯ ಬಾಗಿಲಲ್ಲಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಒಳಗೆ ಆಗಲೇ ಮೂವರು ನಿಂತಿದ್ದರು. ಗಾಳಿಗೆ ಇದ್ದದ್ದು ಒಂದು ಅಂಗೈಯಗಲದ ಕಿಂಡಿ.

"ಕರ್ಕೊಂಡ್ ಬನ್ರೇ ಅವ್ಳನ್ನ. ಇಂದ್ರಿ ತಲೆ ತೊಳೆಯೋದು ನಂಗೆ ಬಿಟ್ರೆ ಯಾರಿಗೂ ಬರಲ್ಲ. ಯುಗಾದಿ ಯುಗಾದಿಗೂ ನಾನೇ ಉಜ್ಜಿದೀನಿ. ಕೂದಲ ಬುಡದಲ್ಲಿ ಹಿಟ್ಟು ಕೂತಿರ್ತದೆ ಅವ್ಳಿಗೆ," ಎಂದವಳು, ಮಾತು ಮುಗಿಸಲು ಉಸಿರು ಸಾಲದೆ ರವಿಕೆಯೊಳಗಿಂದ ಪಂಪು ತೆಗೆದು ಬಾಯಿಗೆ ಒತ್ತಿಕೊಂಡಳು. ಉಬ್ಬಸದ ಪಂಪು. ಎದೆಯೊಳಗೆ ಸೀಟಿ ಹೊಡೆದಂತೆ ಸದ್ದು. ಪಂಪನ್ನು ಮತ್ತೆ ಒಳಗಿಟ್ಟು ಬಚ್ಚಲಿಗೆ ಕಾಲಿಟ್ಟಳು.

ಅಮ್ಮ ಕೇಳಿದ್ದು ಒಂದಲ್ಲ, ಎರಡು. ಬೀದಿಯವರು ಬಂದು ಮೀಯಿಸಬೇಕೆಂದಿದ್ದಳು. ಬಂದ ರೋಗವನ್ನು ಬಚ್ಚಿಡಬಾರದೆಂದು ಬೋರ್ಡಿನ ಮೇಲೆ ಬರೆದಿದ್ದಳು. ಒಂದನ್ನು ಹಿಡಿದರೆ ಇನ್ನೊಂದು ಕೈ ಜಾರುತ್ತದೆ. ಕಲಾ ಬಾಗಿಲಲ್ಲಿ ನಿಂತು ಮುನಿತಾಯಮ್ಮನ ಬೆನ್ನು ನೋಡಿದಳು. ಆಮೇಲೆ ಗಿರಣಿಗೆ ಹೋಗಿ ಒಂದು ಖಾಲಿ ಡಬ್ಬ ಎತ್ತಿಕೊಂಡಳು. ಅಮ್ಮ ಅಂದು ಹಿಡಿದಿದ್ದ ಸ್ಪ್ಯಾನರು ಗೋಡೆಯ ಮೊಳೆಗೆ ನೇತಾಡುತ್ತಿತ್ತು.

"ಅಕ್ಕ, ಬೇಡ," ಎಂದ ಉದಯ. "ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ."

"ಅಮ್ಮನ ಕಾಲಿಗೆ ಬೀಳು ಹೋಗು," ಎಂದು ಅವಳು ಮೆಟ್ಟಿಲು ಹತ್ತಿದಳು.

ತಾರಸಿಯ ಅಂಚಿಗೆ ಬಂದು ನಿಂತಳು. ತಾನು ಕೆಲಸ ಮಾಡುವ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರಗಳ ಇಡೀ ಸಾಲಿಗೆ ಕೇಳುವಂತೆ ಕೂಗಿ ಅವಳಿಗೆ ಅಭ್ಯಾಸವಿತ್ತು. ಮಾಸ್ಕು ತೆಗೆಯದೆಯೇ ಬಡಿದಳು. ಡಣ್ ಡಣ್ ಡಣ್. ಬೀದಿಯಲ್ಲಿದ್ದವರೆಲ್ಲ ತಲೆ ಎತ್ತಿದರು. ಆ ಸದ್ದು ಅವರಿಗೆ ಗೊತ್ತಿತ್ತು.

"ಎಲ್ರೂ ಕೇಳಿ! ನಮ್ಮಮ್ಮಂಗೆ ಆಗಿದ್ದು ಹಾರ್ಟ್ ಅಟ್ಯಾಕ್ ಅಲ್ಲ! ಕೊರೊನಾ! ಮೋಟರ್ ಸುಟ್ಟಿರ್ಲಿಲ್ಲ, ಕೆಮ್ಮು ಬಂದಿದ್ದಕ್ಕೇ ಗಿರಣಿ ನಿಲ್ಸಿದ್ರು! ಒಳಗಿರೋರೆಲ್ಲ ಈಚೆ ಬನ್ನಿ! ನನ್ನ ಹತ್ರ, ಉದಯನ ಹತ್ರ ಯಾರೂ ಬರ್ಬೇಡಿ! ಜ್ವರ ಬಂದ್ರೆ ಬಚ್ಚಿಡ್ಬೇಡಿ, ಟೆಸ್ಟ್ ಮಾಡಿಸಿ! ಮುನಿತಾಯಿ ದೊಡ್ಡಮ್ಮ, ಮೊದ್ಲು ನೀವು ಈಚೆ ಬನ್ನಿ!"

ಕೆಳಗೆ ಬಿಂದಿಗೆಗಳು ನೆಲಕ್ಕೆ ಕೂತವು. ಯಾರೂ ಚೀರಲಿಲ್ಲ, ಓಡಲಿಲ್ಲ. ಸುಮ್ಮನೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

*

ಬೈರಯ್ಯ ಆಸ್ಪತ್ರೆಯಲ್ಲಿದ್ದಾಗ ಇಂದ್ರಮ್ಮನ ಬಾಗಿಲಿಗೆ ತಗಡು ಬಂದಿತ್ತು. ತರಿಸಿದವನು ಗಿರಿರಾಜ್. ಬೀದಿಯ ಹಿತಕ್ಕೆ ಎಂದು ಅಲ್ಲಿ ಇಲ್ಲಿ ಫೋನ್ ಮಾಡಿ, ಆಳೆತ್ತರದ ಎರಡು ತಗಡುಗಳನ್ನು ಮನೆಯ ಬಾಗಿಲಿಗೆ ಅಡ್ಡ ಹೊಡೆಸಿದ. ಹೊಡೆಯುವವನ ಅವಸರಕ್ಕೆ ಒಂದು ಮೊಳೆ ತಪ್ಪಿ ನಟ್ಟನಡುವೆ ಬಿತ್ತು; ಅದನ್ನು ಕಿತ್ತಾಗ ತಗಡಿನಲ್ಲಿ ತೂತು ಉಳಿಯಿತು. ಒಳಗೆ ಇಂದ್ರಮ್ಮ, ಉದಯ, ಉದಯನ ಹೆಂಡತಿ ತುಂಗಾ ಉಳಿದರು.

ತಗಡಿನ ಹಿಂದೆ ಇದ್ದಾಗಲೇ ಬೈರಯ್ಯ ಹೋದ ಸುದ್ದಿ ಬಂತು. ಬಿಳಿ ಉಡುಪಿನವರು ಅವನನ್ನು ಕೆಂಗೇರಿಯ ಕಡೆ ಒಯ್ದು ಸುಟ್ಟರು. ಯಾರ ಮನೆಯಿಂದಲೂ ಬಿಂದಿಗೆ ಬರಲಿಲ್ಲ. ಕಲಾ ಉಳ್ಳಾಲದಿಂದ ಗಂಡನ ಸ್ಕೂಟರಿನಲ್ಲಿ ಬಂದು ತಗಡಿನ ಮುಂದೆ ನಿಂತಳು.

"ಅಮ್ಮಾ."

"ದೂರ ನಿಂತ್ಕೊ," ಎಂದು ಒಳಗಿನಿಂದ ದನಿ ಬಂತು.

"ಅಪ್ಪನ್ನ ನೋಡಿದ್ರಾ?"

"ಫೋನಲ್ಲಿ ತೋರಿಸಿದ್ರು. ಬರೀ ಬಿಳೀ ಗಂಟು ಕಣೇ. ನಿಮ್ಮಪ್ಪನೋ ಇನ್ಯಾರೋ, ಹೆಂಗೆ ಗೊತ್ತಾಗ್ಬೇಕು?"

ತೂತಿನಿಂದ ಒಂದು ಬೆರಳು ಹೊರಗೆ ಬಂತು. ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು. ಕಲಾ ಮುಟ್ಟಲು ಕೈ ಚಾಚಿದ್ದೇ ತಡ, ಬೆರಳು ಸರಕ್ಕನೆ ಒಳಗೆ ಹೋಯಿತು.

"ಮುಟ್ಟಬೇಡ ಅಂದ್ನಲ್ಲ!"

"ನೀವ್ಯಾಕಮ್ಮ ಕೂಗೋಕೆ ಹೋದ್ರಿ? ಸುಮ್ನಿದ್ದಿದ್ರೆ ಇವ್ರು ತಗಡು ಹೊಡೀತಿರ್ಲಿಲ್ಲ."

"ಸುಮ್ನಿದ್ದಿದ್ರೆ ನಿಮ್ಮಪ್ಪನ ಜೊತೆ ಇನ್ನೂ ನಾಕು ಜನ ಹೋಗಿರೋರು. ಕೂಗಿದ್ದಕ್ಕೆ ನಂಗೇನು ಬೇಜಾರಿಲ್ಲ. ನಾಳೆ ಬಂದ್ರೂ ಕೂಗ್ತೀನಿ." ದನಿ ತೂತಿಗೆ ಇನ್ನೂ ಹತ್ತಿರವಾಯಿತು. "ನೋಡು, ನಾನು ಸತ್ತಾಗ ಹಿಂಗೆ ಮಾಡ್ಬೇಡಿ. ನನ್ನ ಮುಖ ತೆಗ್ದಿರ್ಬೇಕು. ಈ ಬೀದಿ ಹೆಂಗಸ್ರೇ ಬಂದು ಮೀಯಿಸ್ಬೇಕು. ಅರಳೀಮರದವರೆಗಾದ್ರೂ ಹೆಗಲ ಮೇಲೆ ಹೋಗ್ಬೇಕು."

"ತಗಡು ಹೊಡೆಸಿದೋರು ಬರ್ತಾರಾ?"

"ಬರ್ದೆ ಎಲ್ಲಿಗೆ ಹೋಗ್ತಾರೆ? ಅವ್ರ ಹೊಟ್ಟೇಲಿರೋದು ನಾನು ಬೀಸಿದ ಹಿಟ್ಟು."

ಕ್ವಾರಂಟೈನಿನ ಗಡುವು ಮುಗಿದ ಮೇಲೂ ತಗಡು ಬಿಚ್ಚಲು ಯಾರೂ ಬರಲಿಲ್ಲ. ಇಂದ್ರಮ್ಮ ಉದಯನನ್ನು ಕಿಟಕಿಯಿಂದ ಇಳಿಸಿ, ಸ್ಪ್ಯಾನರು ಕೊಟ್ಟು ತಾನೇ ಕೀಳಿಸಿದಳು. ಆಮೇಲೆ ತಗಡು ಕೇಳಿಕೊಂಡು ಬಂದವರಿಗೆ, "ನಂಗೆ ಹೊಡೆದ ತಗಡು ನಂದೇ," ಎಂದು ಹೇಳಿ ಕಳಿಸಿದಳು. ಒಂದನ್ನು ಬೆಂಚಿನ ಮೇಲೆ ನೆರಳಿಗೆ ಹೊದಿಸಿದಳು. ತೂತಿದ್ದ ಇನ್ನೊಂದಕ್ಕೆ ಪೇಂಟರನ್ನು ಕರೆಸಿ, ಕೆಂಪು ಬಣ್ಣದಲ್ಲಿ ಇಂದ್ರಮ್ಮ ಫ್ಲೋರ್ ಮಿಲ್ ಎಂದು ಬರೆಸಿ ಬೀದಿಗೆಲ್ಲ ಕಾಣುವ ಹಾಗೆ ಶಟರಿನ ಮೇಲೆ ಏರಿಸಿದಳು.

ಕೆಲವು ಕಾಲ ಜನ ಮಹಾಲಕ್ಷ್ಮಿ ಲೇಔಟಿನವರೆಗೆ ಡಬ್ಬ ಹೊತ್ತರು. ಅಲ್ಲಿಯ ಹಿಟ್ಟು ತರಿತರಿಯಾಗಿ ಮುದ್ದೆ ಗಂಟಾಗುತ್ತಿತ್ತು. ಒಬ್ಬೊಬ್ಬರಾಗಿ ತಿರುಗಿ ಬಂದರು. ಇಂದ್ರಮ್ಮ ಯಾರಿಗೂ ಒಂದು ಮಾತು ಅನ್ನಲಿಲ್ಲ, ಎಲ್ಲರ ಹಿಟ್ಟನ್ನೂ ನುಣ್ಣಗೆ ಬೀಸಿ ಕೊಟ್ಟಳು. ಗಿರಿರಾಜನ ಡಬ್ಬ ಮಾತ್ರ ಎಷ್ಟು ಬೇಗ ತಂದಿಟ್ಟರೂ ಸಾಲಿನ ಕೊನೆಗೇ ಹೋಗುತ್ತಿತ್ತು. ಅವನೂ ತುಟಿ ಬಿಚ್ಚದೆ ಕಾದು ತೆಗೆದುಕೊಂಡು ಹೋಗುತ್ತಿದ್ದ.

*

ಕಲಾ ಕೆಳಗಿಳಿದಾಗ ಮನೆ ಖಾಲಿಯಾಗಿತ್ತು. ಬೀದಿಯ ಆ ಬದಿಯಲ್ಲಿ ಗುಂಪು ಗುಂಪಾಗಿ ಜನ ನಿಂತಿದ್ದರು. ನಡುವೆ ಬಿಂದಿಗೆಗಳು ಹಬೆಯಾಡುತ್ತಿದ್ದವು.

"ಮೊದ್ಲೇ ಹೇಳಬಾರ್ದಿತ್ತಾ ಉದಯ? ನಾನು ನಿನ್ನ ಬಾಯಿಗೆ ಕೈಯಾರೆ ಕಾಫಿ ಇಟ್ನಲ್ಲೋ," ಎಂದು ಪಕ್ಕದ ಮನೆಯ ದುರ್ಗವ್ವ ಕೂಗಿದಳು. ಅವಳ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ. ಉದಯ ಗಿರಣಿಯ ಗೋಡೆಗೆ ಆತು, ತಲೆ ತಗ್ಗಿಸಿ ನಿಂತಿದ್ದ.

"ಹೇಳಬೇಕಿತ್ತು ದುರ್ಗಕ್ಕ. ಅದಕ್ಕೇ ಈಗ ಹೇಳ್ತಿದೀನಿ," ಎಂದಳು ಕಲಾ. "ಹೋಗೋರು ಹೋಗಿ, ತಪ್ಪು ತಿಳ್ಕೊಳ್ಳಲ್ಲ. ನಾನು, ತುಂಗಾ ಸೇರಿ ಮೀಯಿಸ್ತೀವಿ. ಆದ್ರೆ ಮುಚ್ಚಿಡಲ್ಲ. ನಮ್ಮಮ್ಮನ ಮುಖ ತೆಗ್ದೇ ಇರತ್ತೆ. ಮಾಸ್ಕ್ ಹಾಕ್ಕೊಂಡು, ಬಯಲಲ್ಲಿ ದೂರ ನಿಂತು ನೋಡೋಕೆ ಯಾವ ಭಯಾನೂ ಇಲ್ಲ ಅಂತ ಡಾಕ್ಟ್ರೇ ಹೇಳಿದ್ದಾರೆ. ಇನ್ನೂ ಭಯ ಆದ್ರೆ ಮನೇಲಿರಿ. ತಗಡು ಮಾತ್ರ ತರ್ಬೇಡಿ. ತಂದ್ರೆ ಈ ಸಲ ಹೊಡೆಯೋಕೆ ಮುಂಚೇನೇ ಕಿತ್ತು ಬಿಸಾಕ್ತೀನಿ."

ಇಬ್ಬರು ಮೂವರು ಮೆಲ್ಲಗೆ ತಮ್ಮ ಮನೆ ಕಡೆ ತಿರುಗಿದರು. ಬಾಗಿಲು ಹಾಕಿದ ಸದ್ದು ಕೇಳಿತು. ಕೈಯಾರೆ ಕಳೆದುಬಿಟ್ಟೆ, ಅಮ್ಮ ಕೇಳಿದ್ದನ್ನು ನಾನೇ ಕಳೆದುಬಿಟ್ಟೆ ಎಂದು ಕಲಾಗೆ ಅನ್ನಿಸಿತು.

ಎದುರುಮನೆಯ ಜಗಲಿಯಿಂದ ಮುನಿತಾಯಮ್ಮನ ದನಿ ಎದ್ದಿತು. ಸೆರಗಿನಿಂದ ಮೂಗು ಬಾಯಿ ಬಿಗಿದುಕೊಂಡು ಕುರ್ಚಿಯ ಮೇಲೆ ಕೂತಿದ್ದಳು.

"ಏ, ಯಾಕ್ರೇ ಬಿಂದಿಗೆ ಕೆಳಗಿಟ್ರಿ? ನೀರಿಗೂ ಕೊರೊನಾ ಬಂತಾ?"

"ಹಂಗಲ್ಲ ಮುನಿತಾಯಕ್ಕ..."

"ಹೆಂಗಲ್ಲ? ಅವತ್ತು ನನ್ನ ಹೆಸರು ಹಿಡ್ದು ಕೂಗಿದ್ಲು ಇಂದ್ರಿ. ಬೈಕೊಂಡು ಬೈಕೊಂಡೇ ಹೋದೆ ಟೆಸ್ಟಿಗೆ. ಅವ್ಳು ಕೂಗದಿದ್ರೆ ಇವತ್ತು ಇಲ್ಲಿ ಕೂತು ಬಾಯಿ ಬಡ್ಕೊಳ್ಳೋಕೆ ನಾನು ಇರ್ತಿರ್ಲಿಲ್ಲ. ನಿಮ್ಮ ನಿಮ್ಮ ಮನೇಲಿ ಯಾರ್ಯಾರು ಉಳ್ಕೊಂಡ್ರು, ನಾನು ಬಾಯ್ಬಿಟ್ಟು ಹೇಳ್ಲಾ?" ಉಸಿರು ಹಿಡಿಯಲು ನಿಲ್ಲಿಸಿ ಪಂಪು ಒತ್ತಿಕೊಂಡಳು. "ನಂಗೆ ಹತ್ರ ಹೋಗೋ ಹಂಗಿಲ್ಲ. ಅದಕ್ಕೆ ಹೊಟ್ಟೆ ಉರೀತಾ ಐತೆ ನಂಗೆ. ನಿಮ್ಗೇನೇ ರೋಗ? ಮಾಸ್ಕ್ ಹುಡುಕ್ರೇ!"

ದುರ್ಗವ್ವ ಇನ್ನೂ ಸಿಟ್ಟಿನಲ್ಲೇ ತನ್ನ ಮನೆಗೆ ಹೋದಳು. ಹೋದವಳು ಬರುವುದಿಲ್ಲವೆಂದು ಕಲಾ ಅಂದುಕೊಂಡಳು. ಆದರೆ ಅವಳು ಮೂಗಿಗೆ ಜರಿಯಂಚಿನ ಹಸಿರು ಮಾಸ್ಕು ಕಟ್ಟಿಕೊಂಡು ತಿರುಗಿ ಬಂದಳು. ತಮ್ಮನ ಮದುವೆಗೆ ಸೀರೆಗೆ ಹೊಂದುವಂತೆ ಹೊಲಿಸಿದ್ದು. ಬಂದವಳೇ ತನ್ನ ಬಿಂದಿಗೆ ಎತ್ತಿ ಸೊಂಟಕ್ಕೇರಿಸಿದಳು. "ಎಲ್ಲಿ ಮೀಯಿಸೋದು? ಆ ಬಚ್ಚಲಿಗೆ ನಾನು ಬರಲ್ಲ, ಮೊದ್ಲೇ ಹೇಳ್ತೀನಿ."

"ಇಲ್ಲೇ. ಗಿರಣಿ ಮುಂದೆ, ಬೀದೀಲಿ," ಎಂದಳು ಕಲಾ.

"ಬೀದೀಲಾ? ಹೆಂಗಸಿನ ಹೆಣ ಕಣೇ. ಮರೆ ಬೇಡ್ವಾ?"

ಸೀರೆ ಹಿಡಿಯಬಹುದಿತ್ತು. ಆದರೆ ಸೀರೆ ಹಿಡಿಯುವವರು ಒತ್ತಿಕೊಂಡು ನಿಲ್ಲಬೇಕು, ಗಾಳಿಗೆ ಹಾರಿದರೆ ಮತ್ತೆ ಮತ್ತೆ ಒಳಗೆ ಕೈ ಹಾಕಬೇಕು. ಎಲ್ಲರೂ ಅತ್ತಿತ್ತ ನೋಡುತ್ತಿದ್ದಾಗ ಮುನಿತಾಯಮ್ಮ ಕುರ್ಚಿಯಿಂದಲೇ ಕೈ ಎತ್ತಿ ಶಟರಿನ ಮೇಲೆ ತೋರಿಸಿದಳು. ಕೆಂಪು ಅಕ್ಷರಗಳ ತಗಡು. ಅದರ ಕೆಳಗೆ ಬೆಂಚಿಗೆ ನೆರಳು ಹೊದಿಸಿದ್ದ ಇನ್ನೊಂದು.

"ಅಗೋ ಮರೆ. ಹೊಡೆಸಿದೋರು ಇಲ್ಲೇ ಇದಾರಲ್ಲ, ಅವ್ರೇ ಬಿಚ್ಚಲಿ."

ಎಲ್ಲರ ಕಣ್ಣೂ ಗಿರಿರಾಜನ ಕಡೆ ತಿರುಗಿದವು. ಅವನ ಕೈಯಲ್ಲಿ ಹಾರ ಹಾಗೇ ಇತ್ತು. ಮುಖ ಬಿಗಿಯಿತು. ಜಗಳಕ್ಕೆ ನಿಲ್ಲುತ್ತಾನೆಂದೇ ಎಲ್ಲರೂ ಅಂದುಕೊಂಡರು. ಅವನು ಹಾರವನ್ನು ಮೆಟ್ಟಿಲ ಮೇಲಿಟ್ಟು, ತನ್ನ ಅಂಗಡಿಗೆ ಹೋಗಿ, ಒಂದು ಡಬ್ಬಿ ಮಾಸ್ಕು, ಏಣಿ, ಸ್ಕ್ರೂಡ್ರೈವರು ತಂದ.

"ಅಪ್ಪ ಇನ್ನೂ ಮೂರು ವರ್ಷ ಇದ್ರು," ಎಂದ ಕಲಾಳ ಕಡೆ ನೋಡದೆ. "ಟೆಸ್ಟಿಗೆ ಕರ್ಕೊಂಡ್ ಹೋಗಿದ್ದಕ್ಕೇ. ನಿಮ್ಮಮ್ಮಂಗೆ ಇದನ್ನ ನಾನು ಹೇಳ್ಲೇ ಇಲ್ಲ ಕಣಮ್ಮ."

ಏಣಿ ಹತ್ತಿದ. ತುಕ್ಕು ಹಿಡಿದ ತಿರುಪುಗಳು ಕಿರುಗುಟ್ಟಿದವು. ಇಬ್ಬರು ಗಂಡಸರು ಬಂದು ಕೆಳಗಿನಿಂದ ತಗಡನ್ನು ಹಿಡಿದುಕೊಂಡರು. ಇನ್ನಿಬ್ಬರು ನೆರಳಿನ ತಗಡನ್ನು ಇಳಿಸಿದರು.

ಉದಯ ದೂರದಿಂದ ಅಕ್ಕನಿಗೆ ಫೋನು ಎತ್ತಿ ತೋರಿಸಿದ. ಪೇರೆಂಟ್ಸ್ ಗ್ರೂಪಿಗೆ ಅವನೇ ಬರೆದಿದ್ದ: ನಮ್ಮ ತಾಯಿ ಕೊರೊನಾದಿಂದ ತೀರಿಕೊಂಡಿದ್ದಾರೆ, ಟೆಸ್ಟ್ ಮಾಡಿಸಿಕೊಂಡು ಸರಿಯಿದ್ದರೆ ಮಾತ್ರ ವ್ಯಾನ್ ತರುತ್ತೇನೆ. ಕಳಿಸಿಯಾಗಿತ್ತು. ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ, ಈಗ ಯಾರನ್ನೂ ತಬ್ಬಿಕೊಂಡಿರಲಿಲ್ಲ.

ಇಂದ್ರಮ್ಮನನ್ನು ಹೊರಗೆ ತಂದು ಗಿರಣಿಯ ಮುಂದಿನ ಬೆಂಚಿನ ಮೇಲೆ ಮಲಗಿಸಿದರು. ಹಿಂದೆ ಶಟರು, ಒಂದು ಪಕ್ಕಕ್ಕೆ ಮನೆಯ ಗೋಡೆ. ಉಳಿದ ಎರಡು ಕಡೆ ಗಂಡಸರು ತಗಡುಗಳನ್ನು ನೆಟ್ಟಗೆ ನಿಲ್ಲಿಸಿ, ಬೆನ್ನು ತಿರುಗಿಸಿ, ಕೈಗಳನ್ನು ಹಿಂದಕ್ಕೆ ಮೇಲೆತ್ತಿ ಅಂಚು ಹಿಡಿದು ನಿಂತರು. ಹೆಸರು ಬರೆದ ಮುಖ ಬೀದಿಯ ಕಡೆಗಿತ್ತು. ಒಳಗೆ ಕಲಾ, ತುಂಗಾ, ದುರ್ಗವ್ವ. ಆಮೇಲೆ ಇನ್ನೂ ಇಬ್ಬರು ಗ್ಲೌಸು ಕೇಳಿ ಹಾಕಿಕೊಂಡು ಒಳಗೆ ಬಂದರು. ಹೊರಗಿನಿಂದ ಬಿಂದಿಗೆಗಳು ಒಂದರ ಹಿಂದೆ ಒಂದು ಬಂದು ತಗಡಿನ ಬುಡದಲ್ಲಿ ಕೂತವು. ಮುಚ್ಚಿದ್ದ ಬಾಗಿಲೊಂದು ತೆರೆದು ಅಲ್ಲಿಂದಲೂ ಒಂದು ಬಂತು.

ಕಲಾ ತಾಯಿಯ ತಲೆಯ ಬಳಿ ಕುಕ್ಕರಗಾಲಲ್ಲಿ ಕೂತಳು. ತಗಡಿನ ನಡುವಿನ ತೂತು ಅವಳ ಕಣ್ಣಿನ ಮಟ್ಟಕ್ಕೇ ಬಂದಿತ್ತು. ಅದರಿಂದ ಬಿಸಿಲಿನ ಒಂದು ಚುಕ್ಕೆ ಒಳಗೆ ಬಂದು ಇಂದ್ರಮ್ಮನ ಕೆನ್ನೆಯ ಮೇಲೆ ಬಿದ್ದಿತ್ತು. ಆವತ್ತು ಮುಟ್ಟಗೊಡದೆ ಎಳೆದುಕೊಂಡಿದ್ದ ಬೆರಳನ್ನು ಕಲಾ ಗ್ಲೌಸಿನ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಬಿಟ್ಟು, ಸೀಗೆಪುಡಿ ಕಲಸಿದಳು.

"ತಲೆಗೆ ಚೆನ್ನಾಗಿ ಉಜ್ಜೇ!" ಎಂದು ಎದುರಿನ ಜಗಲಿಯಿಂದ ಮುನಿತಾಯಮ್ಮ ಕೂಗಿದಳು. "ಕಿವಿ ಹಿಂದೆ ನೋಡು, ಹಿಟ್ಟು ಕೂತಿರ್ತದೆ!"

"ಉಜ್ಜ್ತಿದೀನಿ ದೊಡ್ಡಮ್ಮ!"

"ನೀರು ಸುರೀರೇ, ಬೀದಿ ತುಂಬ ಹರೀಲಿ!"

ತುಂಗಾ ಒಂದು ಬಿಂದಿಗೆ ಎತ್ತಿ ಸುರಿದಳು. ದುರ್ಗವ್ವ ಇನ್ನೊಂದು. ಬೆಚ್ಚಗಿನ ನೀರು ಬೂದುಬಣ್ಣಕ್ಕೆ ತಿರುಗಿ, ಸೀಗೆಯ ನೊರೆ ಹೊತ್ತು ತಗಡಿನ ಅಡಿಯಿಂದ ಬೀದಿಗೆ ಹರಿಯಿತು. ತಗಡಿನ ಮೇಲಂಚಿನುದ್ದಕ್ಕೂ ಹೊರಗಿನವರ ಬೆರಳುಗಳು ಸಾಲಾಗಿ ಕಾಣುತ್ತಿದ್ದವು. ತೋಳು ಸೋತು ಸ್ವಲ್ಪ ನಡುಗುತ್ತಿದ್ದವು. ಕಲಾ ಬಗ್ಗಿ ತಗಡಿನ ಕೆಳಗೆ ನೋಡಿದಳು. ಗಂಡಸರು ಚಪ್ಪಲಿ ಕಳಚಿ ನಿಂತಿದ್ದರು. ನೀರು ಹೋಗಿ ಅವರ ಹಿಮ್ಮಡಿಗಳಿಗೆ ತಾಗಿತು, ಬೆರಳುಗಳ ಸಂದಿಗೆ ನುಗ್ಗಿತು, ಪಾದಗಳನ್ನು ಸುತ್ತುವರಿದು ಮುಂದೆ ಹರಿಯಿತು. ಯಾರೂ ಕಾಲು ತೆಗೆಯಲಿಲ್ಲ.